ಕೆಂಪಾಯಿತು ಅಂದುಕೊಂಡ ಮೇಪಲ್

ಸ್ನೇಹಿತರೇ, ನಮ್ಮನೆ ಜಪಾನಿ ಮೇಪಲ್ ಕೆಂಪಾಯಿತು ಅಂತ ಬೆಳಿಗ್ಗೆ ಹಾಕಿದ ಫೋಟೊಗೆ ಲೈಕ್ ಒತ್ತಿದವರೆಲ್ಲ ದಯವಿಟ್ಟು ವಾಪಸ್ ತಗೊಳ್ಳಿ.

ಇಲ್ಲಿ ಮಲೇಷ್ಯಾದ ಕ್ಲಾಂಗಿನಲ್ಲಿ ನಮ್ಮ ಪಕ್ಕದ ಮನೆ ಸೆಲ್ವಿಯಮ್ಮ ಗೇಟಿನಾಚೆ ನಿಂತು ನೋಡಿ, ಈ ಊರಿನವರ 'ಲಾ' ಸೇರಿಸಿ, "ಅಣ್ಣಾ, ಇದು ಕಲರ್ ಅಲ್ಲ ಲಾ. ಸುಟ್ಟುಹೋಗಿದೆ" ಅಂದರು.

"ನೋ ನೋ ಮೇಡಂ, ಆಟಮ್ ಈಸ್ ಕಮಿಂಗ್" ಅಂದೆ. ಶರತ್ಕಾಲದಲ್ಲಿ ಮೇಪಲ್ ಎಲೆ ಕೆಂಪಾಗುತ್ತಲ್ಲ.

"ವರ್ಷಪೂರ್ತಿ ಸೆಕೆ ಇರೋ ಕ್ಲಾಂಗಿನಲ್ಲಿ ಆಟಮ್ಮಾ?" ಅಂತ ಒಂದು ಎಲೆ ಮುಟ್ಟಿದರು. ಹಪ್ಪಳದ ಹಾಗೆ ಪುಡಿಯಾಯಿತು.

ನನ್ನ ಹೆಂಡತಿ ಲೀಲಾ ಇರೋವರೆಗೂ ಆ ಕುಂಡ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗಿತ್ತು. ಇಷ್ಟು ಚೆಂದದ ಗಿಡ ಯಾರಿಗೂ ಕಾಣೋದಿಲ್ಲವಲ್ಲ ಅಂತ ನನಗೆ ಬೇಜಾರು. ಅವಳು ಹೋದ ಮೇಲೆ, ಅವಳ ನೆನಪಿಗೇ ಅಂತ, ಮನೆ ಮುಂದೆ ಪೂರ್ತಿ ಬಿಸಿಲಿಗೆ ತಂದಿಟ್ಟೆ. ಕಾಲೇಜಿನ ಬಾಟನಿಯಲ್ಲಿ ನೆನಪಿರೋದು ಇಷ್ಟೇ: ಪ್ಲಾಂಟ್ಸ್ ನೀಡ್ ಸನ್‌ಲೈಟ್. ಆಮೇಲೆ 'ಬಟ್' ಅಂತ ಏನೋ ಇತ್ತು, ಮರೆತಿದ್ದೇನೆ.

"ಅಕ್ಕ ಮಧ್ಯಾಹ್ನ ಒದ್ದೆ ಸೀರೇನ ಅದರ ಮೇಲಿನ ತಂತಿಗೇ ಹರವ್ತಿದ್ರಲ್ಲ. ಗಿಡಕ್ಕೆ ನೆರಳೂ ಆಯ್ತು, ತಂಪೂ ಆಯ್ತು. ನಿಮಗೆ ಹೇಳಿರಲಿಲ್ವಾ?" ಅಂದರು ಸೆಲ್ವಿಯಮ್ಮ.

ಹೇಳಿರಬಹುದು. ನಾನು ಪೇಪರ್ ಓದುತ್ತಾ ಹೂಂ ಅಂದಿರಬೇಕು.

ಇಬ್ಬರೂ ಸೇರಿ ಕುಂಡ ಹಿತ್ತಲಿಗೆ ಎಳೆದೆವು. ಬುಡದ ಹತ್ತಿರ ಎರಡು ಚಿಗುರು ಇನ್ನೂ ಹಸಿರಾಗಿವೆ. ಬೀರುವಿನಿಂದ ಲೀಲಾಳ ನೀಲಿ ಕಾಟನ್ ಸೀರೆ ತೆಗೆದೆ, ನೀರಲ್ಲಿ ಅದ್ದಿ ತಂತಿಗೆ ಹರವಿದೆ. ಅದರಲ್ಲಿದ್ದ ಅವಳ ಪೌಡರಿನ ವಾಸನೆ ಬಕೆಟ್ಟಿನಲ್ಲೇ ಉಳಿಯಿತು.

ಉಡುವವರಿಲ್ಲದ ಸೀರೆಯನ್ನು ದಿನಾ ನೆನೆಸಿ ಒಣಹಾಕುವ ಮುದುಕ ಅಂತ ಹಿಂದಿನ ಮನೆಯವರು ನಗಲಿ. ಇನ್ನು ಆ ಗಿಡ ಕೆಂಪಾಗೋದು ಬೇಡ, ಹಸಿರಾಗಿದ್ದರೆ ಸಾಕು.