ಚೊಚ್ಚಲ ಹೆರಿಗೆಗೆಂದು ಔರಾದದವರೆಗೆ

ಬೀದರದ ಶಾಹಗಂಜ್ ದರ್ವಾಜೆ ದಾಟಿದಾಗ ಹೊತ್ತು ಇನ್ನೂ ಮೂಡಿರಲಿಲ್ಲ. ಮಗಳು ರೂತಮ್ಮನನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ನಾನು ಔರಾದಕ್ಕೆ ಹೊರಟಿದ್ದೆ. ಅಳಿಯ ಅಲ್ಲಿ ಸುವಾರ್ತೆ ಸಾರುವವನು. ಏಳನೇ ತಿಂಗಳಲ್ಲೇ ಅವಳನ್ನು ತರಬೇಕಿತ್ತು, ಆದರೆ ಮಾಂಜ್ರಾ ಹೊಳೆ ದಸರೆ ಕಳೆದರೂ ಇಳಿಯಲಿಲ್ಲ. ಇತ್ತ ಬೀದರದ ಮಿಷನ್ ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಮಂಚವನ್ನು ಗೊತ್ತು ಮಾಡಿ, ಡಾಕ್ಟರ್ ದೊರೆಸಾನಿಯಿಂದ ಎರಡೆರಡು ಸಲ ಮಾತು ತೆಗೆದುಕೊಂಡಿದ್ದೆ. ‘ಕರ್ತನೇ, ನಿನ್ನ ಚಿತ್ತದಂತೆ ಆಗಲಿ, ಆದರೆ ಬೀದರದಲ್ಲೇ ಆಗಲಿ’ ಎಂಬುದು ಆ ದಿನಗಳ ನನ್ನ ಪ್ರಾರ್ಥನೆ. ದೇವರಿಗೆ ಮಂಚದ ಗುರುತನ್ನೂ ಹೇಳಿದ್ದೆ.

ಗಾಡಿ ಖಾಸಿಂ ಸಾಬರದು. ಹೋಗಿಬರಲು ನಿಜಾಮರ ಸಿಕ್ಕಾದ ನಾಲ್ಕು ಹಾಲಿ ರೂಪಾಯಿ, ಎತ್ತುಗಳ ಮೇವು ಅವರದೇ. ಔರಾದಕ್ಕೆ ನೇರ ದಾರಿಯೂ ಉಂಟು, ಬರೀ ಕಲ್ಲು. ತುಂಬು ಬಸುರಿಯನ್ನು ಅದರ ಮೇಲೆ ಕುಲುಕಿಸಿಕೊಂಡು ತರುವುದು ಬೇಡವೆಂದು, ಸುತ್ತಾದರೂ ಭಾಲ್ಕಿಯ ದಾರಿ ಹಿಡಿದೆವು. ತೊಗರಿ ಹೂವಾಗಿ ಹೊಲವೆಲ್ಲ ಹಳದಿ. ಖಾಸಿಂ ಸಾಬರು ದಾರಿಯುದ್ದಕ್ಕೂ ಎತ್ತುಗಳಿಗೆ ಬೈಯುತ್ತ, ಬೈದದ್ದಕ್ಕೆ ಅವುಗಳ ಬೆನ್ನು ಸವರುತ್ತ ಬಂದರು.

ಸಂಜೆಗೆ ಭಾಲ್ಕಿ. ಅಲ್ಲಿಯ ನಮ್ಮ ಸಭೆಯ ಹಿರಿಯರೊಬ್ಬರ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊಟವಾದ ಮೇಲೆ ಹಾಡಿದೆವು. ಕೊನೆಗೆ ನಾನು ನನ್ನ ಪ್ರಾರ್ಥನೆಯನ್ನು ಮಂಚದ ಸಮೇತ ಒಪ್ಪಿಸಿದೆ. ಹಿರಿಯರು ಕಣ್ಣು ತೆರೆದು ನಕ್ಕರು.

“ಎಸ್ತೇರವ್ವಾ, ಇದು ದೇವರಿಗಿ ಅರ್ಜಿ ಅದನೋ, ಹುಕುಂ ಅದನೋ?”

“ಅರ್ಜಿನೇರಿ. ಖರೇ ಹೇಳಬೇಕಂದ್ರ, ಜರಾ ಜೋರಿನ ಅರ್ಜಿ,” ಎಂದೆ.

ಎಲ್ಲರೂ ನಕ್ಕರು. ನನಗೆ ಒಳಗೊಳಗೇ ಸಿಟ್ಟು ಬಂತು, ಯಾಕೆಂದರೆ ಅವರ ಮಾತು ನಿಜವಾಗಿತ್ತು.

ಮರುದಿನ ಮಾಂಜ್ರಾ ದಾಟುವಾಗ ನೀರು ಗಾಲಿಯ ನಡುವಿನ ಗುಂಬದವರೆಗೆ ಬಂತು, ಅಷ್ಟೆ. ಠಾಣಾ ಕುಶನೂರಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ, ದೀಪ ಹಚ್ಚುವ ಹೊತ್ತಿಗೆ ಔರಾದ ಮುಟ್ಟಿದೆವು. ಮಗಳು ಬಾಗಿಲಲ್ಲೇ ನಿಂತಿದ್ದಳು. ಮೈಕೈ ತುಂಬಿಕೊಂಡಿದ್ದ ಅವಳನ್ನು ನೋಡಿ ನನ್ನ ಕಾಲುನೋವೆಲ್ಲ ಮಾಯವಾಯಿತು. ಒಂದು ದಿನ ವಿಶ್ರಾಂತಿ ತೆಗೆದುಕೊಂಡು, ಅಳಿಯ ಪ್ರಾರ್ಥಿಸಿ ಬೀಳ್ಕೊಟ್ಟ ಮೇಲೆ, ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಎರಡು ಕೌದಿ ಹಾಸಿ, ಅವಳನ್ನು ಕೂರಿಸಿಕೊಂಡು ಹೊರಟೆ. ನಮ್ಮ ಲೆಕ್ಕದಲ್ಲಿ ಇನ್ನೂ ಮೂರು ವಾರವಿತ್ತು.

ಲೆಕ್ಕ ನಮ್ಮದಾದರೆ ಆಯಿತೇ? ಠಾಣಾ ಕುಶನೂರು ಕಾಣುತ್ತಿದ್ದಂತೆ ಮಗಳು ನನ್ನ ಮುಂಗೈ ಹಿಡಿದಳು. “ಅವ್ವಾ, ಬ್ಯಾನಿ ಬಂದಂಗ ಆಗ್ಲತ್ತದ.” ಮಧ್ಯಾಹ್ನದ ಬಿಸಿಲು. ಮುಂದೆ ಹೊಳೆ, ಅದರಾಚೆ ಭಾಲ್ಕಿ, ಬೀದರವಂತೂ ಎಲ್ಲೋ. ಊರೊಳಗಿನ ಮೊದಲ ಮನೆಯ ಕಟ್ಟೆಯ ಮೇಲೆ, ಹಣೆಗೆ ವಿಭೂತಿ ಹಚ್ಚಿದ ಹೆಂಗಸೊಬ್ಬಳು ಉದ್ದು ಹಸನು ಮಾಡುತ್ತಿದ್ದಳು. ಹೆಸರು ಶರಣಮ್ಮ ಎಂದು ಆಮೇಲೆ ತಿಳಿಯಿತು. ಮಗಳ ನರಳಿಕೆ ಕೇಳಿ ಮೊರ ಬಿಟ್ಟು ಓಡಿಬಂದಳು.

“ಬ್ಯಾನಿ ಯಾವಾಗ ಶುರು ಆಗ್ಯಾವರಿ?”

“ತಾಯಿ, ನಾವು ಕ್ರೈಸ್ತರು. ನಮ್ಮ ಹಿರೇರು ಊರ ಹೊರಗಿನವರು. ನಿಮ್ಮ ಕೊಟ್ಟಿಗ್ಯಾಗ ಜಾಗಾ ಕೊಟ್ರೂ ಸಾಕ್ರಿ.”

“ನಾ ಜಾತಿ ಕೇಳೀನೇನ್ರಿ? ಬ್ಯಾನಿ ಕೇಳೀನಿ. ಕೊಟ್ಟಿಗ್ಯಾಗ ಯಾರರೆ ಹಡೀತಾರೇನು?”

ನನ್ನ ಕರ್ತನು ಹುಟ್ಟಿದ್ದೇ ಕೊಟ್ಟಿಗೆಯಲ್ಲಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು, ಆದರೆ ವಾದಿಸುವ ಹೊತ್ತಾಗಿರಲಿಲ್ಲ. “ಸೂತಕ ಆಗ್ತದಲ್ರಿ ನಿಮಗ,” ಎಂದೆ.

“ಲಿಂಗಾ ಕಟ್ಟಿದವರಿಗಿ ಸೂತಕ ಎಲ್ಲಿ ಅದ್ರಿ? ಜಲ್ದಿ ಒಳಗ ಬರ್ರಿ!”

ಊರ ಸೂಲಗಿತ್ತಿ ಬಂದಳು. ಬಿಸಿಲು ಇಳಿಯಿತು, ಕೂಸು ಇಳಿಯಲಿಲ್ಲ. ಮಗಳ ಬೆನ್ನಿಗೆ ಒರಗಾಗಿ ಕೂತ ಶರಣಮ್ಮ ‘ಶಿವಾ, ಶಿವಾ’ ಎನ್ನುತ್ತಿದ್ದಳು. ಸೂಲಗಿತ್ತಿ ತಲೆ ಅಲ್ಲಾಡಿಸಿದ್ದು ಕಂಡು ನನ್ನ ಎದೆ ಒಡೆಯಿತು. ಮಗಳ ಅಂಗಾಲು ತಿಕ್ಕುತ್ತಲೇ ಪ್ರಾರ್ಥಿಸಿದೆ: ‘ಅಪ್ಪಾ, ಇವಳು ಮೊದಲು ನಿನ್ನ ಮಗಳು, ಆಮೇಲೆ ನನ್ನವಳು. ನನಗಿಂತ ಹೆಚ್ಚು ನೀನು ಇವಳನ್ನು ಪ್ರೀತಿಸುತ್ತೀ. ಉಳಿಸಿಕೊಟ್ಟರೂ ನೀನೇ, ಕರೆದುಕೊಂಡರೂ ನೀನೇ. ನಿನ್ನ ಕೈಗೆ ಬಿಟ್ಟೆ.’ ಇದರಲ್ಲಿ ‘ಆದರೆ’ ಇರಲಿಲ್ಲ. ಹೇಳಿ ಮುಗಿಸಿದಾಗ ಮಗಳು ಇನ್ನೂ ನರಳುತ್ತಲೇ ಇದ್ದಳು, ನನ್ನ ಹೆದರಿಕೆ ಮಾತ್ರ ಹೋಗಿತ್ತು. ಅಂಥ ಸಮಾಧಾನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ದೀಪ ಹಚ್ಚುವ ಮೊದಲೇ ಕೂಸು ಅತ್ತಿತು. ಹೆಣ್ಣು. ಶರಣಮ್ಮ ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಹೊರಗಿಂದ ಖಾಸಿಂ ಸಾಬರು “ಮುಬಾರಕ್ ಹೋ ಆಪಾ!” ಎಂದು ಕೂಗಿ, ಎತ್ತುಗಳಿಗೂ ಬೆಲ್ಲ ತಿನ್ನಿಸಿದರು.

ಬಾಣಂತಿ ಎದ್ದು ಓಡಾಡುವವರೆಗೆ ಅಲ್ಲೇ ಉಳಿದೆವು. ನಾನು ಹಾಡಿದರೆ ಶರಣಮ್ಮ ಕೇಳುವಳು, ಅವಳು ವಚನ ಹೇಳಿದರೆ ನಾನು ಕೇಳುವೆ. ಅಳಿಯ ಎರಡು ಸಲ ಬಂದು ಹೋದ. ಹೊರಡುವ ಮುಂಜಾನೆ ಶರಣಮ್ಮ ಮಗಳನ್ನು ಮಣೆಯ ಮೇಲೆ ಕೂರಿಸಿ, ಸೆರಗಿನಲ್ಲಿ ಜೋಳ, ಬೆಲ್ಲ, ಹೊಸ ಕುಬುಸದ ಕಣ ಹಾಕಿ ಉಡಿ ತುಂಬಿದಳು. ತವರು ಬಿಟ್ಟು ಹೊರಡುವ ಮಗಳಿಗೆ ಹಡೆದ ತಾಯಿ ಮಾಡುವ ಕೆಲಸ ಅದು. ನನ್ನ ಕಡೆ ತಿರುಗಿ ಬೆರಳೆತ್ತಿದಳು.

“ಎರಡನೇದಕ್ಕ ಬೀದರಕ್ಕ ಒಯ್ದೀರಿ ನೋಡ್ರಿ ಮತ್ತ, ಇಲ್ಲೇ ಕರ್ಕೊಂಡು ಬರ್ರಿ!”

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಗಾಡಿ ಹತ್ತಿ, “ಹೋಗಿ ಬರ್ತೇನಿ ಅವ್ವಾ,” ಎಂದಳು. ನನಗಲ್ಲ, ಶರಣಮ್ಮನಿಗೆ. ಗಾಡಿ ಹೊರಟಿತು. ಹೊಟ್ಟೆಕಿಚ್ಚು ಪಡಬೇಕಾದವಳು ನಾನು, ಮೊಮ್ಮಗಳನ್ನು ಅವಚಿಕೊಂಡು ಸಂತೋಷಕ್ಕೆ ಅತ್ತುಬಿಟ್ಟೆ.