ದ್ವೀಪದ ದೋಣಿಗೆ ಧರಣಿ

ಸಂಗಮನಾಥ ಟಿಕೆಟ್ ತೆಗೆದುಕೊಂಡು ಜೈಲಿಗೆ ಹೋದದ್ದು ಜೀವನದಲ್ಲಿ ಅದೇ ಮೊದಲು. ನಾಸಿಕ್‌ನ ಸಾತಪುರದಲ್ಲಿ ಕಾರ್ಖಾನೆ ಕೆಲಸಕ್ಕಿದ್ದಾಗ, ಯೂನಿಯನ್ ಲೀಡರನಾಗಿ ಧರಣಿ ಕೂತಾಗಲೆಲ್ಲ ಪೊಲೀಸರೇ ವ್ಯಾನಿನಲ್ಲಿ ಕೂರಿಸಿ, ಚಹಾ ಕುಡಿಸಿ, ಪುಕ್ಕಟೆ ಒಳಗೆ ಬಿಡುತ್ತಿದ್ದರು. ಸಂಜೆಗೆ ಹೊರಗೆ ದಬ್ಬುತ್ತಿದ್ದರು. ಅಷ್ಟೇ ಬಂಡವಾಳದ ಮೇಲೆ ‘ನಾನೂ ಜೈಲು ಕಂಡವನೇ’ ಎಂದು ಊರಿಡೀ ಮೀಸೆ ತಿರುವಿದವನು ಅಂಡಮಾನ್ ಪ್ರವಾಸದಲ್ಲಿ, ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಟ್ಟಿದ್ದ ಸೆರೆಮನೆಯ ಕೋಣೆಯೊಂದರಲ್ಲಿ ಸ್ವಲ್ಪ ಹೊತ್ತು ನಿಂತ, ಬೆವರೊರೆಸಿಕೊಂಡು ಹೊರಗೆ ಬಂದ. ಕೈ ಮೀಸೆಗೆ ಹೋಗಲಿಲ್ಲ.

ಜೈಲು ಅವನ ಆಯ್ಕೆ. ಹೆಂಡತಿ ಚನ್ನಮ್ಮನಿಗೆ ಬೇಕಿದ್ದದ್ದು ಸಮುದ್ರದಾಚೆಯ ಪುಟ್ಟ ದ್ವೀಪ. ಸೂರು ಹಾರಿದ ಚರ್ಚು, ಗೋಡೆಗಳನ್ನು ಬಾಚಿ ತಬ್ಬಿದ ಆಲದ ಬೇರು, ಬ್ರಿಟಿಷರ ಕಾಲದ ಸಾಮಾನಿಟ್ಟ ಮ್ಯೂಸಿಯಂ. ಇವನ್ನೆಲ್ಲ ಮೊಬೈಲಿನಲ್ಲಿ ನೋಡಿ ನೋಡಿ ಆಸೆಪಟ್ಟಿದ್ದಳು.

“ನಾಳೆ ವಾಪಸ್ ಹೋಗೋದದ. ಇವತ್ತು ತಪ್ಪಿದ್ರ ತಪ್ಪಿತು ನೋಡ್ರಿ,” ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದಳು. ಎಚ್ಚರಿಸದೆ ಏನು ಮಾಡಿಯಾಳು? ಹಿಂದೊಮ್ಮೆ ಅಕ್ಕನ ಜೊತೆ ಎಲ್ಲೋರಾದ ಗುಹೆ ನೋಡಲು ಹೊರಟವಳ ಬಸ್ಸನ್ನು ಅರ್ಧ ದಾರಿಯಲ್ಲಿ ತಡೆದದ್ದು ಸಾಕ್ಷಾತ್ ಗಂಡನ ಯೂನಿಯನ್ನಿನ ರಸ್ತೆ ತಡೆ. ಅದೇ ಅಕ್ಕ, ಸಂಭಾಜಿನಗರದ, ಅಂದರೆ ಹಳೆಯ ಔರಂಗಾಬಾದಿನ, ಚಿಕಲಠಾಣಾ ಬಡಾವಣೆಯ ಪಾರ್ವತಿಬಾಯಿ, ಈ ಸಲವೂ ಜೊತೆಗಿದ್ದಳು.

ಜೈಲು ನೋಡಿಕೊಂಡು ದೋಣಿಕಟ್ಟೆಗೆ ಬಂದರೆ ಗಾಳಿ ಜೋರಿತ್ತು, ದೋಣಿ ಬರಲಿಲ್ಲ. ಕಾಯಿರಿ ಎಂದ ಟಿಕೆಟ್ ಕೊಡುವವ. ಸಂಗಮನಾಥನಿಗೆ ಮೈ ಕೆರೆಯಿತು. ನಿವೃತ್ತನಾದ ಮೇಲೆ ಅವನ ಘೋಷಣೆ ಯಾರಿಗೂ ಬೇಕಾಗಿರಲಿಲ್ಲ. ದೋಣಿಕಟ್ಟೆಯ ಬಾಯಿಗೆ ಚಕ್ಕಳಮಕ್ಕಳ ಹಾಕಿ ಕೂತು ‘ದೋಣಿ ಬರಲೇಬೇಕು!’ ಎಂದು ಕೂಗಿಯೇ ಬಿಟ್ಟ. ಬೇಸರ ಹಿಡಿದಿದ್ದ ನಾಲ್ಕಾರು ಪ್ರವಾಸಿಗರೂ ಜೊತೆಗೆ ಕೂತರು. ಅವನ ಎದೆ ಉಬ್ಬಿತು.

ಅಷ್ಟರಲ್ಲಿ ದೋಣಿ ಬಂತು. ಆ ದಿನದ ಕೊನೆಯ ದೋಣಿ. ಕೂತವರು ಕುಂಡಿಯ ಧೂಳು ಕೊಡವಿಕೊಂಡು ಹತ್ತಿದರು.

“ಏಳ್ರಿ, ಬಂತು,” ಎಂದಳು ಚನ್ನಮ್ಮ.

“ಹಂಗ ಏಳೋ ಪದ್ಧತಿ ನಮ್ಮಲ್ಲಿಲ್ಲ. ಇನ್ನ ಮುಂದ ತಡ ಮಾಡಂಗಿಲ್ಲ ಅಂತ ಬರದು ಕೊಡ್ಲಿ, ಏಳ್ತೀನಿ.”

“ಧರಣಿ ಯಾರ ಮ್ಯಾಲ್ರಿ ಲೀಡರ್ರೇ, ಸಮುದ್ರದ ಮ್ಯಾಲ?” ಎಂದಳು ಪಾರ್ವತಿಬಾಯಿ. “ಅದರ ಕಡಿಂದ ಸಹಿ ಮಾಡಿಸ್ತೀರೇನು?”

“ಚನ್ನಿ, ನೀನಾರ ಕೂಡು.”

ಅವನ ಧರಣಿಗಳಿಗೆಲ್ಲ ಬುತ್ತಿ ಹೊತ್ತವಳು ಚನ್ನಮ್ಮ. ಚೀಲ ತಂದು ಅವನ ಪಕ್ಕಕ್ಕಿಟ್ಟಳು. “ರೊಟ್ಟಿ ಅದಾವ. ಹಸಿವಾದ್ರ ಉಣ್ರಿ,” ಎಂದವಳೇ ಅಕ್ಕನ ಕೈ ಹಿಡಿದು ದೋಣಿ ಹತ್ತಿದಳು.

ಸಂಗಮನಾಥ ಏಳುವುದೆಂದೇ ನಿರ್ಧರಿಸಿದ. ಮೊಣಕಾಲು ಮಾತ್ರ ಧರಣಿ ಮುಂದುವರಿಸಿತು. ಕಂಬ ಹಿಡಿದು ನೆಟ್ಟಗಾಗುವಷ್ಟರಲ್ಲಿ ದೋಣಿ ಅರ್ಧ ಸಮುದ್ರ ದಾಟಿತ್ತು.

ಊರಿಗೆ ಮರಳಿದ ಮೇಲೆ ಚಿಕಲಠಾಣಾದ ಅಕ್ಕನ ಮನೆಯಲ್ಲಿ ಚನ್ನಮ್ಮ ಚರ್ಚಿನ ಕಿಟಕಿಯೊಳಗೆ ನುಗ್ಗಿದ ಬೇರನ್ನು ಕೈ ಬೀಸಿ ಬೀಸಿ ವರ್ಣಿಸುತ್ತಿದ್ದಳು. ಪಾರ್ವತಿಬಾಯಿಯ ಮಗ ದೀಪಕ ಇವನತ್ತ ತಿರುಗಿದ.

“ಕಾಕಾ, ನೀವೇನ್ ನೋಡಿದ್ರಿ?”

“ನಾ ಧರಣಿಗೆ ಕೂತಿದ್ದೆ.”

“ಅರೇ ವಾ! ಬೇಡಿಕೆ ಏನಿತ್ತು?”

“ದೋಣಿ ಬರಬೇಕು ಅಂತ.”

“ಬಂತೇನು?”

“ಬಂತಪ್ಪ,” ಎಂದ ಸಂಗಮನಾಥ.