ನೆಗೆಟಿವ್ ಅಂದಿದ್ದೆ

ಪುಣೆಯ ಲ್ಯಾಬೊಂದರಲ್ಲಿ ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರು ನಾನು. ರಾಂಜಣಗಾಂವದ ಕಾರ್ಖಾನೆಯಲ್ಲಿ ದುಡಿಯುವ ವಿಜಾಪುರದ ಪಾಟೀಲರು ಹೆಂಡತಿಯನ್ನು ಕರೆತಂದಿದ್ದರು. ಕಿಡ್ನಿ ಕಸಿಯಾಗಿದ್ದ ಆಕೆಗೆ ಜ್ವರ ಬಿಟ್ಟಿರಲಿಲ್ಲ, ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಮೈಯೊಳಗೆ ಬೆಳೆಯುವ ಪರೋಪಜೀವಿ ರೋಗಾಣು ಇದೆಯೇ ಎಂದು ತಿಳಿಯಲು ಮಾಡಿದ ರಕ್ತಪರೀಕ್ಷೆ ನೆಗೆಟಿವ್ ಬಂತು.

“ಭಾಳ ಛಲೋ ಆತ್ರಿ,” ಎಂದು ಪಾಟೀಲರು ಕೈಮುಗಿದರು. ನಾನೂ ನಕ್ಕೆ.

ಆ ರಿಪೋರ್ಟ್ ನೋಡಿ ಆಸ್ಪತ್ರೆಯವರು ಟಿಬಿ ಇರಬಹುದೆಂದು ಮಾತ್ರೆ ಶುರುಮಾಡಿದರು. ಜ್ವರ ಇಳಿಯಲಿಲ್ಲ. ಕೊನೆಗೆ ಗಂಟಿಗೆ ಸೂಜಿ ಹಾಕಿ ತೆಗೆದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಪರೋಪಜೀವಿಗಳು ಕಿಕ್ಕಿರಿದಿದ್ದವು. ಔಷಧಿ ಬದಲಾಯಿಸುವಷ್ಟರಲ್ಲಿ ಆಕೆ ತೀರಿಕೊಂಡರು.

ರಿಪೋರ್ಟ್ ಒಯ್ಯಲು ಬಂದ ಪಾಟೀಲರು ಕೇಳಿದರು, “ಮೊದಲ ಏನೂ ಇಲ್ಲ ಅಂದಿದ್ರಲ್ರೀ?”

“ಆ ಪರೀಕ್ಷೆ ಹುಡುಕೋದು ರೋಗಾಣುವನ್ನಲ್ಲ, ಅದರ ಜೊತೆ ಮೈ ಹೋರಾಡಿದ ಗುರುತನ್ನ. ಕಸಿಯಾದವರ ಮೈಗೆ ಹೋರಾಡೋ ಶಕ್ತಿ ಕಡಿಮೆ. ಹಾಗಾಗಿ ರೋಗಾಣು ಇದ್ದರೂ ನೆಗೆಟಿವ್ ಬರಬಹುದು,” ಎಂದೆ.

“ಈಗ ತಿಳೀತ್ರಿ. ಉಪಕಾರ ಆತು,” ಎಂದರು.

ಇಷ್ಟು ಸ್ಪಷ್ಟವಾಗಿ ನಾನು ಯಾರಿಗೂ ವಿವರಿಸಿದ್ದಿಲ್ಲ. ಮೊದಲ ದಿನವೇ ಪಾಟೀಲರಿಗೋ ಆಸ್ಪತ್ರೆಯವರಿಗೋ ಹೇಳಿದ್ದರೆ ಎರಡೇ ನಿಮಿಷ ಹಿಡಿಯುತ್ತಿತ್ತು.